ಸಂಬಳವೂ ಬುತ್ತಿಯೂ: ಗಿಗ್ ಕಾರ್ಮಿಕರ ಅನುಗಾಮಿ ಸೌಲಭ್ಯಗಳ ವಿಚಾರ

‘ಸಂಬಳ’ವೆಂಬ ಶಬ್ದವನ್ನು ನಾವು ದಿನವೂ ಆಡುತ್ತೇವಾದರೂ ಅದರ ಮೂಲಾರ್ಥವನ್ನು ನೆನೆಯುವವರು ವಿರಳ. ಸಂಸ್ಕೃತದ ‘ಶಂಬಲ’ವೆಂದರೆ ದಾರಿಯ ಬುತ್ತಿ, ಪಯಣಿಗನು ಊರಿಂದೂರಿಗೆ ತನ್ನೊಡನೆ ಒಯ್ಯತಕ್ಕ ಆಹಾರ. ಆ ಶಬ್ದವೇ ಕನ್ನಡದಲ್ಲಿ ದುಡಿಮೆಯ ಪ್ರತಿಫಲವೆಂಬ ಅರ್ಥಕ್ಕೆ ತಿರುಗಿತು. ತಿರುಗಿದ ಮೇಲೆ ಅದು ದಾರಿಗನನ್ನು ಬಿಟ್ಟು, ಒಂದೇ ಯಜಮಾನನಲ್ಲಿ ನೆಲೆನಿಂತವನ ಪಾಲಾಯಿತೆಂಬುದೇ ವಿಚಿತ್ರ.

ಮೈಸೂರು ರಸ್ತೆಯ ಕಮಾನನ್ನು ಹಾದು ರಾಜರಾಜೇಶ್ವರಿನಗರವನ್ನು ಹೊಕ್ಕವರಿಗೆ, ಅಂಗಡಿ ಹೋಟೆಲುಗಳ ಮುಂದೆ ಬೈಕುಗಳನ್ನು ನಿಲ್ಲಿಸಿ ಮೊಬೈಲನ್ನೇ ನೋಡುತ್ತ ಕಾದಿರುವ ತರುಣರು ಕಾಣಸಿಗುತ್ತಾರೆ. 2021ರ ಆಗಸ್ಟಿನಲ್ಲಿ ತೆರೆದ ಮೆಟ್ರೋ ನಿಲ್ದಾಣದಿಂದ ಬೆಳಿಗ್ಗೆ ಪ್ರಯಾಣಿಕನನ್ನು ಕರೆದೊಯ್ದವನೇ ಮಧ್ಯಾಹ್ನ ಊಟದ ಪೊಟ್ಟಣವನ್ನೂ ಸಂಜೆ ದಿನಸಿಯನ್ನೂ ಮನೆಮನೆಗೆ ಮುಟ್ಟಿಸಬಹುದು. ಮೂರು ಕೆಲಸ, ಮೂರು ಕಂಪನಿ. ಈ ಏರಿಳಿತದ ಬಡಾವಣೆಯ ಇಳಿಜಾರಿನಲ್ಲಿ, ಒಂದು ಕೆಲಸ ಮುಗಿದು ಇನ್ನೊಂದು ಬಾರದ ಹೊತ್ತಿನಲ್ಲಿ, ಅವನು ಬಿದ್ದು ಕಾಲು ಮುರಿದುಕೊಂಡರೆ ಆಗ ಅವನು ಯಾರ ಆಳು? ‘ನೌಕರ’ನೆನ್ನದೆ ‘ಪಾಲುದಾರ’ನೆಂದು ಕರೆಯುವುದು ಈ ವ್ಯವಹಾರದ ರೂಢಿ. ಲಾಭದಲ್ಲಿ ಪಾಲಿಲ್ಲದ ಪಾಲುದಾರನೆಂಬುದು ನಮ್ಮ ಅಲಂಕಾರಶಾಸ್ತ್ರಕ್ಕೂ ಹೊಸದು.

ಪ್ರಶ್ನೆಯ ಬೇರು ಹಳೆಯದು. ಹನ್ನೆರಡು ಆಯಗಾರರಿಗೆ ಕಣದಲ್ಲಿ ಧಾನ್ಯದ ಪಾಲೂ ಕೆಲವರಿಗೆ ಮಾನ್ಯದ ಭೂಮಿಯೂ ಸಲ್ಲುತ್ತಿದ್ದುವು. ಆದರೆ ಆ ಹಕ್ಕು ಊರಿಗೆ ಅಂಟಿಕೊಂಡಿದ್ದಿತು. ಕಮ್ಮಾರನು ಊರು ಬಿಟ್ಟರೆ ಆಯವು ಅವನ ಬೆನ್ನುಹತ್ತಿ ಬರುತ್ತಿರಲಿಲ್ಲ. 1948ರ ರಾಜ್ಯವಿಮಾ ಕಾಯಿದೆಯೂ 1952ರ ಭವಿಷ್ಯನಿಧಿ ಕಾಯಿದೆಯೂ ಊರಿನ ಸ್ಥಾನದಲ್ಲಿ ಕಾರ್ಖಾನೆಯನ್ನು ನಿಲ್ಲಿಸಿದುವು. ನೌಕರನೆಂಬ ಹೆಸರಿಲ್ಲದವನಿಗೆ ಅಲ್ಲಿ ಪ್ರವೇಶವಿಲ್ಲ. ಇದಕ್ಕೆ ಅಪವಾದವಾಗಿ ನಿಂತದ್ದು ಮಹಾರಾಷ್ಟ್ರದ 1969ರ ಮಾಥಾಡಿ ಕಾಯಿದೆ. ಹಲವು ವರ್ತಕರ ಮೂಟೆ ಹೊರುವ ಹಮಾಲಿಗೆ ಒಬ್ಬನೇ ಯಜಮಾನನನ್ನು ಹುಡುಕುವ ಗೊಡವೆಗೆ ಹೋಗದೆ, ಕೂಲಿಯ ಮೇಲೆ ವರ್ತಕರಿಂದ ತೆರನ್ನೆತ್ತಿ ಮಂಡಲಿಯೊಂದರ ಕೈಯಲ್ಲಿಡುವುದು ಅದರ ಉಪಾಯ. ಇಂದಿನ ಗಿಗ್ ಕಾಯಿದೆಗಳ ಪೂರ್ವಜನನ್ನು ಪರದೇಶಗಳಲ್ಲಿ ಅರಸುವವರು ಇದನ್ನು ಮೊದಲು ನೋಡಬೇಕು.

ರಾಜಸ್ಥಾನವು 2023ರಲ್ಲಿ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಕರ್ನಾಟಕವು 2024ರ ಜೂನಿನಲ್ಲಿ ಕರಡನ್ನು ಹೊರಡಿಸಿ, 2025ರ ಮೇ ತಿಂಗಳಿನಲ್ಲಿ ಅಧ್ಯಾದೇಶವನ್ನೂ ಅದೇ ವರ್ಷ ಅಧಿನಿಯಮವನ್ನೂ ತಂದಿತು. ಇದರ ಪ್ರಕಾರ ಕಾರ್ಮಿಕನಿಗೆ ದೊರೆಯುವ ನೋಂದಣಿಸಂಖ್ಯೆಯು ಕಂಪನಿಯದಲ್ಲ, ಅವನದು. ಎಷ್ಟು ಕಂಪನಿಗಳಿಗೆ ದುಡಿದರೂ ಅದೊಂದೇ. ಪ್ರತಿಯೊಂದು ವ್ಯವಹಾರದಲ್ಲಿ ಅವನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ಕ್ಕೆ ಕಡಮೆಯಿಲ್ಲದೆ, 5ನ್ನು ಮೀರದೆ, ಕಂಪನಿಯು ಕ್ಷೇಮಶುಲ್ಕವನ್ನು ನಿಧಿಗೆ ಕಟ್ಟತಕ್ಕದ್ದು. ಒಂದು ಲೆಕ್ಕವನ್ನು ಹಾಕಿ ನೋಡೋಣ. ಸರತಿಗೆ 40 ರೂಪಾಯಿಯಂತೆ ದಿನಕ್ಕೆ ಇಪ್ಪತ್ತು ಸರತಿ ದುಡಿದವನಿಗೆ 800 ರೂಪಾಯಿ. ಶೇಕಡಾ 1ರಂತೆ ನಿಧಿಗೆ ಬರುವುದು 8 ರೂಪಾಯಿ. ಇಪ್ಪತ್ತಾರು ದಿನಕ್ಕೆ 208. ಶೇಕಡಾ 5 ಆದರೆ 1,040. ಕನಿಷ್ಠ ದರದ ಹಣದಿಂದ ಅಪಘಾತವಿಮೆಯನ್ನು ನಡೆಸಬಹುದು. ಮುಪ್ಪಿನ ನಿವೃತ್ತಿವೇತನವನ್ನು ಅದರಿಂದ ನಿರೀಕ್ಷಿಸುವುದು ಕಷ್ಟ.

ಇಲ್ಲೊಂದು ಸೂಕ್ಷ್ಮವನ್ನು ಮರೆಯಕೂಡದು. ಈ ಹಣವು ಕಾರ್ಮಿಕನ ಸ್ವಂತ ಖಾತೆಯಲ್ಲಿ ಕೂಡುವುದಲ್ಲ, ಸಾಮಾನ್ಯನಿಧಿಯಲ್ಲಿ ಕೂಡುವುದು. ಅವನು ಹೊತ್ತು ತಿರುಗುವುದು ಬುತ್ತಿಯನ್ನಲ್ಲ, ಛತ್ರದಲ್ಲಿ ಊಟಕ್ಕೆ ಕೂರುವ ಹಕ್ಕಿನ ಚೀಟಿಯನ್ನು. ಚೀಟಿಗೆ ಬೆಲೆ ಬರುವುದು ಛತ್ರವು ತೆರೆದಿದ್ದಾಗ. ಆ ಛತ್ರವೂ ರಾಜ್ಯದ ಗಡಿಯೊಳಗಿನದು. ಇಲ್ಲಿಂದ ಹೊಸೂರಿಗೆ ಕೆಲಸವನ್ನು ಬದಲಿಸಿದವನ ಹಕ್ಕು ಅತ್ತಿಬೆಲೆಯ ಗಡಿಯಲ್ಲಿ ನಿಲ್ಲಕೂಡದೆಂದರೆ ಕೇಂದ್ರದ ಕಾಯಿದೆಯೇ ಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದು ಶುಲ್ಕವನ್ನು ಕಂಪನಿಯ ವಾರ್ಷಿಕ ವಹಿವಾಟಿನ ಮೇಲೆ ಶೇಕಡಾ 1ರಿಂದ 2ರವರೆಗೆ ಎಣಿಸುತ್ತದೆ. ಆದರೆ ಕಾರ್ಮಿಕರಿಗೆ ಕೊಟ್ಟ ಹಣದ ಶೇಕಡಾ 5ನ್ನು ಅದು ಮೀರುವಂತಿಲ್ಲ. ಎರಡು ಅಳತೆಗೋಲುಗಳು ಹೀಗೆ ಒಂದೇ ವ್ಯವಹಾರವನ್ನು ಅಳೆಯತೊಡಗಿವೆ.

ಇನ್ನು ಪರಿಭಾಷೆಯ ಮಾತು. ‘ಗಿಗ್’ ಎಂಬುದು ಇಂಗ್ಲಿಷಿನಲ್ಲಿ ಹಿಂದೆ ಎರಡು ಚಕ್ರದ ಒಂಟಿಕುದುರೆಯ ಬಂಡಿ. ಕಳೆದ ಶತಮಾನದ ಆದಿಯಿಂದ ವಾದ್ಯಗಾರರ ಆಡುಮಾತಿನಲ್ಲಿ ಒಂದು ರಾತ್ರಿಯ ಕಚೇರಿಯ ಕರಾರು. ಅದು ಕನ್ನಡದಲ್ಲಿ ಹಾಗೆಯೇ ನಿಂತುಬಿಟ್ಟಿದೆ, ಇರಲಿ. ಆದರೆ ಈ ಸೌಲಭ್ಯಗಳಿಗೆ ಕೆಲವರು ಬಳಸುವ ‘ಒಯ್ಯಬಹುದಾದ’ ಎಂಬ ವಿಶೇಷಣವು ಹೊರೆಯನ್ನು ಕಾರ್ಮಿಕನ ತಲೆಗೇ ಏರಿಸುತ್ತದೆ. ಅವನು ಹೋದಲ್ಲಿಗೆ ತಾನಾಗಿ ಹಿಂಬಾಲಿಸಬೇಕಾದುದು ಸೌಲಭ್ಯ. ಆದಕಾರಣ ‘ಅನುಗಾಮಿ ಸೌಲಭ್ಯ’ವೆಂಬ ಮಾತನ್ನು ಈ ಲೇಖನದಲ್ಲಿ ಬಳಸಿದೆ. ಇದಕ್ಕಿಂತ ತಿಳಿಯಾದ ಅಚ್ಚಗನ್ನಡದ ಪದವು ವಿದ್ವಾಂಸರಿಗೆ ತೋಚಿದರೆ ಇದನ್ನು ಬಿಟ್ಟುಕೊಡಲು ಅಡ್ಡಿಯಿಲ್ಲ.