ತೆಂಗಿನ ಚಿಪ್ಪಿನೊಳಗಿನ ಡೆಂಗಿ

ಹಿತ್ತಲಲ್ಲಿ ಬಿದ್ದ ತೆಂಗಿನ ಚಿಪ್ಪು. ಅದರಲ್ಲಿ ಎರಡು ಚಮಚ ಮಳೆನೀರು. ಬಗ್ಗಿ ನೋಡಿದರೆ ಕೊಂಕುತ್ತ ಈಜುವ ಸಣ್ಣ ಹುಳುಗಳು: ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು.

2024ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಡೆಂಗಿ ಏರಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯಲ್ಲಿ 200. ನಗರದಲ್ಲಿ ಕಟ್ಟಡ ಕೆಲಸ ನಡೆಯುವ ಜಾಗಕ್ಕೆ 2,000.

ಕಟ್ಟಡಗಳಿಗೆ ಹೆಚ್ಚು ಹಾಕಿದ್ದು ಸರಿಯೇ. ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಡ್ರಮ್ಮು, ಲಿಫ್ಟ್ ಗುಂಡಿ ಎಲ್ಲವೂ ಈಡಿಸ್‌ಗೆ ತವರುಮನೆ.

ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಲ್ಲಿರುವ ಮರಿಯನ್ನಲ್ಲ. ಅದಕ್ಕೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತೊಟ್ಟಿಯೊಳಗೆ ಇಣುಕುವುದು. ಬರೀ ನೀರು ಚೆಲ್ಲಿದರೂ ಸಾಲದು. ಅಂಚಿಗಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ. ತೊಟ್ಟಿಯ ಗೋಡೆಯನ್ನು ಬ್ರಷ್ ಹಿಡಿದು ತಿಕ್ಕಲೇಬೇಕು.