ಫ್ರೀಕ್ವೆನ್ಸಿ ಯಾರ ಹೆಸರಿಗೂ ಖಾತೆ ಆಗುವುದಿಲ್ಲ

‘ನಮಗೂ ಒಂದು ಫ್ರೀಕ್ವೆನ್ಸಿ ಮಾಡಿಸಿಕೊಡಿ ಸಾರ್, ಎಷ್ಟಾಗುತ್ತೆ?’ ಬೇಲೂರು ಕಡೆಯ ಕಾಫಿ ತೋಟದವರು ಕೇಳುತ್ತಾರೆ, ಅರಸೀಕೆರೆಯ ಅಂಗಡಿಯವರು ಕೇಳುತ್ತಾರೆ, ಜಾತ್ರೆ ಸಮಿತಿಯವರೂ ಕೇಳುತ್ತಾರೆ. ಹ್ಯಾಮ್ ರೇಡಿಯೋ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಮೊದಲು ಬರುವುದು ಇದೇ ಪ್ರಶ್ನೆ. ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಖಾತೆ ಮಾಡಿಸಿದ ಹಾಗೆ ಆಕಾಶದಲ್ಲೂ ಒಂದು ತುಂಡನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದು, ಆಮೇಲೆ ಅದರೊಳಗೆ ಬೇರೆ ಯಾರೂ ಬರುವಂತಿಲ್ಲ ಎಂದು ಜನ ನಂಬಿಬಿಟ್ಟಿದ್ದಾರೆ. ಎಷ್ಟು ಸಲ ಬಿಡಿಸಿ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. 1978ರ ನಿಯಮಗಳು ಮತ್ತು ಅವಕ್ಕೆ ಆದ ತಿದ್ದುಪಡಿಗಳ ಪ್ರಕಾರ ಪರೀಕ್ಷೆ ನಡೆಯುತ್ತದೆ. ಹನ್ನೆರಡು ವರ್ಷ ತುಂಬಿದವರು ಕೂರಬಹುದು. ಪಾಸಾದರೆ ಸಿಗುವುದು ಒಂದು ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಹೇಳುವ ಗುರುತಿನ ಸಂಕೇತ. ಜನರಲ್ ದರ್ಜೆಗೆ ವಿಯು2, ರಿಸ್ಟ್ರಿಕ್ಟೆಡ್ ದರ್ಜೆಗೆ ವಿಯು3 ಎಂದು ಶುರುವಾಗುತ್ತದೆ. ನಿಮ್ಮ ಹೆಸರಿಗೆ ಆಗುವುದು ಈ ಕಾಲ್‌ಸೈನ್ ಮಾತ್ರ, ಫ್ರೀಕ್ವೆನ್ಸಿ ಅಲ್ಲ. ರೇಡಿಯೋ ತಂತ್ರ ಮತ್ತು ನಿಯಮ ಎರಡೂ ಈ ವ್ಯಕ್ತಿಗೆ ಗೊತ್ತು, ಇವರು ಹವ್ಯಾಸಿಗಳಿಗೆ ಬಿಟ್ಟ ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ (ಬ್ಯಾಂಡ್) ಮಾತಾಡಬಹುದು ಎಂದು ಸರ್ಕಾರ ಒಪ್ಪಿದೆ, ಅಷ್ಟೆ. ಆ ಪಟ್ಟಿಗಳು ದೇಶದ ಎಲ್ಲ ಹ್ಯಾಮ್‌ಗಳಿಗೂ ಒಂದೇ. ದೇಶದಾಚೆಯವರಿಗೂ ಬಹುಮಟ್ಟಿಗೆ ಅವೇ.

ನಮ್ಮವರು ಹೆಚ್ಚು ಬಳಸುವ 40 ಮೀಟರ್ ಪಟ್ಟಿಯನ್ನೇ ನೋಡಿ. ಭಾರತದಲ್ಲಿ ಅದು 7000ದಿಂದ 7200 ಕಿಲೋಹರ್ಟ್ಸ್‌ವರೆಗೆ. ಒಟ್ಟು ಅಗಲ 200 ಕಿಲೋಹರ್ಟ್ಸ್. ಎಸ್‌ಎಸ್‌ಬಿ ವಿಧಾನದಲ್ಲಿ ಆಡುವ ಒಂದು ಮಾತಿಗೆ ಸುಮಾರು 3 ಕಿಲೋಹರ್ಟ್ಸ್ ಬೇಕು. ಕೆಳಗಿನ ಭಾಗ ಮೋರ್ಸ್‌ನವರಿಗೆ, ಡಿಜಿಟಲ್‌ನವರಿಗೆ ಹೋಗುತ್ತದೆ. ಇಡೀ ಪಟ್ಟಿಯನ್ನು ಮಾತಿಗೇ ಬಿಟ್ಟರೂ ಅರವತ್ತು ಚಿಲ್ಲರೆ ಸಂಭಾಷಣೆಗಳಿಗೆ ಜಾಗ ತುಂಬಿಹೋಗುತ್ತದೆ. ಅಲೆಗಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಹಗಲು ಹೊತ್ತು ಅರಸೀಕೆರೆಯಿಂದ ಹೊರಟ 7 ಮೆಗಾಹರ್ಟ್ಸ್ ಸಂಕೇತ ಅಯಾನುಗೋಳಕ್ಕೆ ತಾಗಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಇಳಿಯುತ್ತದೆ. ಕತ್ತಲಾದರೆ ಅದೇ ಆಂಟೆನಾ ತಂತಿಗೆ ಇಂಡೋನೇಷ್ಯಾದವರು, ಯೂರೋಪಿನವರು ಸಿಗುತ್ತಾರೆ. ಇಷ್ಟು ಜನ ಹಂಚಿಕೊಳ್ಳುವ ಜಾಗವನ್ನು ಬೇಲೂರಿನ ಒಂದು ತೋಟಕ್ಕೆ ಎಂದು ಕೊಡುವುದಾದರೂ ಹೇಗೆ?

ಈ 200 ಕಿಲೋಹರ್ಟ್ಸ್ ಕೂಡ ಸುಲಭವಾಗಿ ಬಂದದ್ದಲ್ಲ. ಮೊದಲು ನಮ್ಮ ಭಾಗದ ಹವ್ಯಾಸಿಗಳಿಗೆ ಇದ್ದದ್ದು 7000ದಿಂದ 7100ರವರೆಗೆ ಮಾತ್ರ. ಅದರ ಮೇಲೆ ಪ್ರಸಾರ ಕೇಂದ್ರಗಳು ಕೂತಿದ್ದವು. ನೂರು ವ್ಯಾಟ್‌ನ ಹ್ಯಾಮ್ ಸೆಟ್ಟು ನೂರಾರು ಕಿಲೋವ್ಯಾಟ್‌ನ ಪ್ರೇಷಕದ ಪಕ್ಕದಲ್ಲಿ ಮಾತಾಡುವುದು ಎಂದರೆ ಎಷ್ಟು ಕಷ್ಟ ಎಂಬುದು ಆ ಕಾಲದವರಿಗೆ ಗೊತ್ತು. 2003ರ ವಿಶ್ವ ರೇಡಿಯೋ ಸಮ್ಮೇಳನದ ತೀರ್ಮಾನದಂತೆ 2009ರ ಮಾರ್ಚ್ 29ರಂದು ಪ್ರಸಾರದವರು 7200ರ ಮೇಲಕ್ಕೆ ಸರಿಯಬೇಕಾಯಿತು. ಎಲ್ಲ ಕಡೆಯೂ ಇಷ್ಟು ಚೊಕ್ಕಟವಿಲ್ಲ. ನಮ್ಮ ವಲಯದಲ್ಲಿ 3.5 ಮೆಗಾಹರ್ಟ್ಸ್ ಪಟ್ಟಿಯನ್ನು ಹವ್ಯಾಸಿಗಳು ಇತರ ರೇಡಿಯೋ ಸೇವೆಗಳ ಜತೆ ಹಂಚಿಕೊಳ್ಳುತ್ತಾರೆ. 1979ರ ಸಮ್ಮೇಳನದಲ್ಲಿ ದಕ್ಕಿದ 10.1ರಿಂದ 10.15 ಮೆಗಾಹರ್ಟ್ಸ್‌ನಲ್ಲಂತೂ ಹವ್ಯಾಸಿಗಳು ಎರಡನೆಯ ದರ್ಜೆಯವರು. ಅಲ್ಲಿ ಮೊದಲ ಹಕ್ಕು ಇರುವ ಸೇವೆಗೆ ನಮ್ಮಿಂದ ತೊಂದರೆ ಆಗಬಾರದು, ಅವರಿಂದ ನಮಗೆ ತೊಂದರೆಯಾದರೆ ರಕ್ಷಣೆ ಕೇಳುವಂತಿಲ್ಲ. ಇದೂ ಅಂತರರಾಷ್ಟ್ರೀಯ ನಿಯಮವೇ.

ಹೊಸಬರ ತಪ್ಪನ್ನು ತಿದ್ದಬಹುದು. ಪರೀಕ್ಷೆ ಪಾಸಾಗಿ ವರ್ಷಗಟ್ಟಲೆ ಮಾತಾಡಿದ ಕೆಲವರೂ ‘ಇದು ನಮ್ಮ ನೆಟ್‌ನ ಫ್ರೀಕ್ವೆನ್ಸಿ, ಜಾಗ ಬಿಡಿ’ ಎನ್ನುವುದನ್ನು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನೆಟ್ ಎಂದು ದಿನವೂ ಬೆಳಿಗ್ಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿ ಮಾತಾಡುವುದು ಒಳ್ಳೆಯ ರೂಢಿ. ಆದರೆ ರೂಢಿಯಿಂದ ಹಕ್ಕು ಹುಟ್ಟುವುದಿಲ್ಲ. ಅಲ್ಲಿ ಮೊದಲೇ ಇಬ್ಬರು ಮಾತಾಡುತ್ತಿದ್ದರೆ ನೆಟ್ ನಡೆಸುವವರೇ ಮೂರು ಕಿಲೋಹರ್ಟ್ಸ್ ಪಕ್ಕಕ್ಕೆ ಸರಿಯಬೇಕು.

ಇದರಲ್ಲೇ ಇನ್ನೊಂದು ತಪ್ಪು ಅಡಗಿದೆ: ‘ಸೆಟ್‌ನಲ್ಲಿ ಏನೂ ಕೇಳುತ್ತಿಲ್ಲ, ಅಂದರೆ ಖಾಲಿ ಇದೆ.’ ಇಲ್ಲ. ಶಾರ್ಟ್‌ವೇವ್‌ನಲ್ಲಿ ಸಂಕೇತ ಹತ್ತಿರದ ಊರನ್ನು ಹಾರಿ ದೂರದ ಊರಿನಲ್ಲಿ ಇಳಿಯುವುದುಂಟು. ಹಾಸನದವರು ದೆಹಲಿಯವರ ಜತೆ ಮಾತಾಡುತ್ತಿರುತ್ತಾರೆ. ಅರಸೀಕೆರೆಯಲ್ಲಿ ಕೂತ ನಿಮಗೆ ಹಾಸನ ಕೇಳಿಸುವುದಿಲ್ಲ, ದೆಹಲಿಯವರು ಆ ಹೊತ್ತಿಗೆ ಸುಮ್ಮನೆ ಕೇಳಿಸಿಕೊಳ್ಳುತ್ತಿರುತ್ತಾರೆ. ನಿಮ್ಮ ಸೆಟ್‌ನಲ್ಲಿ ಬರಿಯ ಗೊರಗೊರ. ಆಗ ಬಟನ್ ಒತ್ತಿ ಕೂಗಿದರೆ ಇಬ್ಬರ ಮಾತೂ ಹಾಳು. ಅದಕ್ಕೇ ಒಂದು ನಿಮಿಷ ಕಾದು ಕೇಳಬೇಕು. ಆಮೇಲೆ ‘ಈಸ್ ದ ಫ್ರೀಕ್ವೆನ್ಸಿ ಇನ್ ಯೂಸ್?’ ಎಂದು ಕಾಲ್‌ಸೈನ್ ಸಮೇತ ಕೇಳಬೇಕು. ಉತ್ತರ ಬರದಿದ್ದರೆ ಮತ್ತೊಮ್ಮೆ ಕೇಳಬೇಕು. ಹಂಚಿಕೊಂಡ ಜಾಗದಲ್ಲಿ ಇರುವವರು ಇಷ್ಟು ಮಾಡಲೇಬೇಕು.

ಇನ್ನು ತೋಟದವರ ಮಾತು. ಬೇಲೂರು, ಆಲೂರು, ಸಕಲೇಶಪುರ ಕಡೆ ಕಾಡಾನೆ ಕಾಟ ಎಷ್ಟಿದೆ ಎಂಬುದು ಜಿಲ್ಲೆಗೇ ಗೊತ್ತು. ಮೊಬೈಲ್ ಸಿಗ್ನಲ್ ಇಲ್ಲದ ತೋಟದಲ್ಲಿ ಕೆಲಸದವರಿಗೆ ಎಚ್ಚರಿಕೆ ಮುಟ್ಟಿಸಲು ವಾಕಿಟಾಕಿ ಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ಆದರೆ ಹ್ಯಾಮ್ ಲೈಸೆನ್ಸ್ ಅದಕ್ಕೆ ಅಲ್ಲ. ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ, ಬಾಡಿಗೆ ವಾಹನ ಕರೆಯುವುದಕ್ಕೆ ಹವ್ಯಾಸಿ ಪಟ್ಟಿಯನ್ನು ಬಳಸುವಂತಿಲ್ಲ. ಪರೀಕ್ಷೆ ಪಾಸು ಮಾಡದ ರೈಟರ ಕೈಗೆ ಸೆಟ್ ಕೊಟ್ಟು ಮಾತಾಡಿಸುವಂತೆಯೂ ಇಲ್ಲ. ಅವರಿಗೆ ಬೇರೆ ದಾರಿಗಳಿವೆ. 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಶಕ್ತಿಯ, ಅನುಮೋದನೆ ಪಡೆದ ಕೈಸೆಟ್‌ಗಳಿಗೆ 2018ರ ನಿಯಮ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟಿದೆ. ಶಾರ್ಟ್‌ವೇವ್‌ನಲ್ಲೇ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡ್ 5 ವ್ಯಾಟ್‌ವರೆಗೆ 2005ರಿಂದಲೇ ಮುಕ್ತವಾಗಿದೆ. ಹೆಚ್ಚು ದೂರ ಬೇಕೆಂದರೆ ಡಬ್ಲ್ಯುಪಿಸಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ನಿಗದಿಯಾದ ಫ್ರೀಕ್ವೆನ್ಸಿ ಪಡೆಯಬಹುದು. ಅದೂ ಬಳಸುವ ಅನುಮತಿಯೇ, ಒಡೆತನವಲ್ಲ.

ಇದಿಷ್ಟನ್ನೂ ಬಿಟ್ಟು ಜನ ಮಾಡುತ್ತಿರುವುದೇನು? ಆನ್‌ಲೈನ್‌ನಲ್ಲಿ ‘ಲೈಸೆನ್ಸ್ ಬೇಡ, 50 ಕಿಲೋಮೀಟರ್ ರೇಂಜ್’ ಎಂಬ ಮಾತು ಓದಿ ಚೀನಾದ ಜೋಡಿ ವಾಕಿಟಾಕಿ ಸೆಟ್ ತರಿಸಿಕೊಳ್ಳುತ್ತಿದ್ದಾರೆ. ಎರಡೂ ಸುಳ್ಳು. 5 ವ್ಯಾಟ್‌ನ ಕೈಸೆಟ್ಟು ಗುಡ್ಡಗಾಡಿನಲ್ಲಿ ಕೆಲವು ಕಿಲೋಮೀಟರ್ ಹೋದರೆ ಹೆಚ್ಚು, ಏಕೆಂದರೆ ಆ ಅಲೆಗಳು ಗುಡ್ಡದ ಆಚೆಗೆ ಬಾಗುವುದು ಅಪರೂಪ. ಲೈಸೆನ್ಸ್ ವಿಷಯಕ್ಕೆ ಬಂದರೆ, ವಿನಾಯಿತಿ ಇಲ್ಲದ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು ಎಂದು 1933ರ ಕಾಯ್ದೆಯೇ ಹೇಳಿತ್ತು, 2023ರ ದೂರಸಂಪರ್ಕ ಕಾಯ್ದೆಯೂ ಅದನ್ನೇ ಹೇಳುತ್ತದೆ. ಈ ಚೀನಾ ಸೆಟ್‌ಗಳಲ್ಲಿ ಹಲವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡುತ್ತವೆ. ಹವ್ಯಾಸಿಗಳ ಪಾಲು ಅದರಲ್ಲಿ 144ರಿಂದ 146 ಮಾತ್ರ. ಉಳಿದದ್ದು ಪೊಲೀಸರದ್ದು, ರೈಲ್ವೆಯದ್ದು, ಇತರ ಸೇವೆಗಳದ್ದು. ಅರಸೀಕೆರೆ ಜಂಕ್ಷನ್‌ನಲ್ಲಿ ಲೋಕೋ ಪೈಲಟ್, ಗಾರ್ಡ್, ಸ್ಟೇಷನ್ ಮಾಸ್ಟರ್ ಒಬ್ಬರಿಗೊಬ್ಬರು ಮಾತಾಡುವುದು ವಿಎಚ್‌ಎಫ್ ಸೆಟ್‌ಗಳಲ್ಲಿ. ಪ್ಲಾಟ್‌ಫಾರಂ ಹತ್ತಿರದ ಮನೆಯಲ್ಲಿ ಹುಡುಗನೊಬ್ಬ ಆಟಕ್ಕೆಂದು ಬಟನ್ ಒತ್ತಿದರೆ ಯಾರ ಮಾತು ಮುರಿಯುತ್ತದೆ ಎಂದು ಯೋಚಿಸಿದ್ದೀರಾ? ಇಂಥ ಸೆಟ್‌ಗಳ ಅಕ್ರಮ ಮಾರಾಟ ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಮಾರ್ಗಸೂಚಿ ಹೊರಡಿಸಬೇಕಾಯಿತು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮೋರ್ಸ್ ಬಾರದವರಿಗೆ ಲೈಸೆನ್ಸ್ ಇಲ್ಲ ಎಂಬುದು ತಪ್ಪು. ರಿಸ್ಟ್ರಿಕ್ಟೆಡ್ ದರ್ಜೆಗೆ ಬೇಡ, ಜನರಲ್‌ಗೆ ನಿಮಿಷಕ್ಕೆ 8 ಪದದ ವೇಗ ಸಾಕು. ಹ್ಯಾಮ್‌ಗಳು ಗುಟ್ಟಿನ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಪೂರ್ತಿ ಉಲ್ಟಾ. ಗೂಢಲಿಪಿ ನಿಷಿದ್ಧ, ಯಾರು ಬೇಕಾದರೂ ಕೇಳುವಂತೆ ಮಾತಾಡಬೇಕು. ಲೈಸೆನ್ಸ್ ಇದ್ದರೆ ಹಾಡು ಹಾಕಿ ಊರಿನ ರೇಡಿಯೋ ಕೇಂದ್ರ ನಡೆಸಬಹುದು ಎನ್ನುವವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರ ಹೆಸರು ಹೇಳುತ್ತಾರೆ. ಇವತ್ತಿನ ಹವ್ಯಾಸಿ ನಿಯಮದಲ್ಲಿ ಪ್ರಸಾರಕ್ಕೆ ಜಾಗವೇ ಇಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ಕಳ್ಳ ಸೆಟ್‌ಗಳನ್ನು ಹಿಡಿಯುತ್ತಾರೆ ಎಂಬುದೂ ಊಹೆ. ಅವರ ಕೆಲಸ ಉಪಗ್ರಹಗಳದ್ದು, ಸಂಕೇತಗಳ ಮೇಲೆ ಕಣ್ಣಿಡಲು ದೂರಸಂಪರ್ಕ ಇಲಾಖೆಯಲ್ಲಿ ಬೇರೆಯೇ ಸಂಸ್ಥೆ ಇದೆ. ಉಪಗ್ರಹದ ಮೂಲಕ ಮಾತಾಡಲು ಹಾಸನದಂಥ ದೊಡ್ಡ ಡಿಶ್ ಬೇಕಿಲ್ಲ. ಇಸ್ರೋ 2005ರಲ್ಲಿ ಹಾರಿಸಿದ ಹ್ಯಾಮ್‌ಸ್ಯಾಟ್ ಮೂಲಕ ಕೈಯಲ್ಲಿ ಹಿಡಿದ ಆಂಟೆನಾದಿಂದ ಮಾತಾಡುತ್ತಿದ್ದರು.

ಟವರ್ ಇಲ್ಲದೆ ಆಗುವುದಿಲ್ಲ ಎನ್ನುವವರಿಗೆ ಅರಸೀಕೆರೆಯ ತೆಂಗಿನ ತೋಟ ತೋರಿಸಬೇಕು. 40 ಮೀಟರ್ ಪಟ್ಟಿಗೆ ಬೇಕಾದದ್ದು ಸುಮಾರು 20 ಮೀಟರ್ ತಾಮ್ರದ ತಂತಿ. ಸರಿಯಾಗಿ ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿ, ಎರಡು ತುದಿಗೂ ನೈಲಾನ್ ಹಗ್ಗ ಕಟ್ಟಿ ಎರಡು ಮರಗಳ ನಡುವೆ ಎಳೆದರೆ ಆಯಿತು. ಗಾಳಿಗೆ ಮರ ತೂಗಿದರೆ ತಂತಿ ಹರಿಯುತ್ತದೆ. ಹಾಗಾಗಿ ಒಂದು ಬದಿಗೆ ರಾಟೆ ಹಾಕಿ ಹಗ್ಗದ ತುದಿಗೆ ಕಲ್ಲಿನ ಭಾರ ಕಟ್ಟಬೇಕು. ಟವರೇ ಬೇಕು ಎನ್ನುವ ಹಳೇಬೀಡಿನವರು ಇನ್ನೊಂದು ನೆನಪಿಡಲಿ: ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಹ್ಯಾಮ್ ಲೈಸೆನ್ಸ್ ತೋರಿಸಿದರೆ ಆ ಕಾನೂನು ಸಡಿಲವಾಗುವುದಿಲ್ಲ.

ಕೊನೆಯದಾಗಿ ಅತ್ಯಂತ ಅಪಾಯದ ನಂಬಿಕೆ: ‘ಆಪತ್ತು ಬಂದಾಗ ಲೈಸೆನ್ಸ್ ಯಾರು ಕೇಳುತ್ತಾರೆ? ಸೆಟ್ ಮನೆಯಲ್ಲಿದ್ದರೆ ಸಾಕು.’ 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಡಿದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನಿನಲ್ಲಿದ್ದರು. ಸರ್ಕಾರದ ಅನುಮತಿ ಪಡೆದು ಹವ್ಯಾಸಿ ಕೇಂದ್ರ ನಡೆಸಲು ಹೋದವರು ಅವರು. ದ್ವೀಪಗಳ ಸಂಪರ್ಕ ಕಡಿದುಹೋದಾಗ ಅವರ ಶಾರ್ಟ್‌ವೇವ್ ಸೆಟ್‌ಗಳಿಂದ ಸುದ್ದಿ ಹೊರಗೆ ಬಂತು. ಯಾವ ಹೊತ್ತಿಗೆ ಯಾವ ಪಟ್ಟಿ ತೆರೆದಿರುತ್ತದೆ, ಸಂದೇಶವನ್ನು ಒಂದಕ್ಷರ ತಪ್ಪದೆ ಹೇಗೆ ದಾಟಿಸಬೇಕು, ಇನ್ನೊಬ್ಬರ ತುರ್ತು ಮಾತಿಗೆ ಹೇಗೆ ದಾರಿ ಬಿಡಬೇಕು ಎಂಬುದು ಅವರಿಗೆ ಮೊದಲೇ ರೂಢಿಯಾಗಿತ್ತು. ಅಭ್ಯಾಸವಿಲ್ಲದ ನೂರು ಜನ ಅದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬಟನ್ ಒತ್ತಿದ್ದರೆ ಒಂದು ಸಂದೇಶವೂ ದಡ ಮುಟ್ಟುತ್ತಿರಲಿಲ್ಲ.

ಹತ್ತು ಗುಂಟೆ ಕೊಳ್ಳುವ ಮುನ್ನ ಪಹಣಿ, ಋಣಭಾರ ಪತ್ರ, ನಕ್ಷೆ ಎಲ್ಲ ತೆಗೆಸಿ ನಾಲ್ಕು ಜನಕ್ಕೆ ತೋರಿಸುವ ನಮ್ಮ ಜನ, ಎರಡು ನಿಮಿಷದ ವಿಡಿಯೋ ನಂಬಿ ಕಾನೂನು ಮುರಿಯುವ ಸಾಮಾನನ್ನು ಮನೆಗೆ ತರಿಸಿಕೊಳ್ಳುತ್ತಾರೆ. ಕಣ್ಣಿಗೆ ಕಾಣದ ವಿಷಯಕ್ಕೆ ದಾಖಲೆ ಕೇಳಬೇಕೆಂದು ತೋಚುವುದೇ ಇಲ್ಲ. ರೇಡಿಯೋ ಅಲೆಯಲ್ಲಿ ಇವತ್ತು ನಡೆಯುತ್ತಿರುವುದು ನಾಳೆ ಔಷಧದಲ್ಲಿ, ಬೀಜದಲ್ಲಿ, ಸಾಲದ ಆ್ಯಪ್‌ನಲ್ಲಿ ನಡೆಯುತ್ತದೆ, ನಡೆಯುತ್ತಲೂ ಇದೆ. ಹೇಳಿದವರು ಯಾರು, ಯಾವ ನಿಯಮ, ಯಾವ ವರ್ಷದ್ದು ಎಂಬ ಮೂರು ಪ್ರಶ್ನೆ ಕೇಳಿದರೆ ಇವುಗಳಲ್ಲಿ ಅರ್ಧ ಅಲ್ಲೇ ಬಿದ್ದುಹೋಗುತ್ತವೆ.

ಆದ್ದರಿಂದ ಸೆಟ್ ಈಗಾಗಲೇ ಕೊಂಡವರು ಅದರ ಬ್ಯಾಟರಿ ತೆಗೆದಿಡಿ, ಪರವಾನಗಿ ಸಿಗುವವರೆಗೆ ಒಂದು ಸಲವೂ ಬಟನ್ ಒತ್ತಬೇಡಿ. ಪರೀಕ್ಷೆಗೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಕಲಿಸುವವರು ಬೇಕೆಂದರೆ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ. ಅರಸೀಕೆರೆ, ಬೇಲೂರಿನ ಹೈಸ್ಕೂಲು ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ವಿಜ್ಞಾನದಲ್ಲಿ ಆಸಕ್ತಿ ಇರುವ ನಾಲ್ಕು ಮಕ್ಕಳನ್ನು ಈ ವರ್ಷ ಆ ಪರೀಕ್ಷೆಗೆ ಕೂರಿಸಿ.