ಗೂಡು ನಮ್ಮದು, ಸೀರೆ ಯಾರದು?

ಮಂಡ್ಯ: ಲಗ್ನಪತ್ರಿಕೆ ಬಂತೆಂದರೆ ಗಂಡಸರಿಗೆ ಮುಯ್ಯಿ ಚಿಂತೆ, ಹೆಂಗಸರಿಗೆ ಸೀರೆ ಚಿಂತೆ. ಮಳವಳ್ಳಿ, ಮದ್ದೂರು ಕಡೆ ಹುಳುವಿಗೆ ಸೊಪ್ಪು ಹಾಕಿ, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಕಳಿಸೋ ಮನೆಗಳೆಷ್ಟೋ. ಆ ಮನೆಯಾಕೆ ಮದುವೆಗೆ ಉಡೋದು ಮಾತ್ರ ಪಾಲಿಯೆಸ್ಟರ್!

ಮೈಸೂರಿನ ಸರ್ಕಾರಿ ಕಾರ್ಖಾನೆ 1912ರದು. ಅಲ್ಲಿನ ಸೀರೆಯ ಬೆಲೆ ಕೇಳಿದರೇ ತಲೆ ಸುತ್ತುತ್ತೆ. ಅಗ್ಗಕ್ಕೆ ‘ಮೈಸೂರು ಸಿಲ್ಕ್’ ಎಂದರೆ ಸೆರಗಿನ ಒಂದೆಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದದ ವಾಸನೆ ಬಂದರೆ ಆರ್ಟ್ ಸಿಲ್ಕ್.

ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ನೇಕಾರರ ಊರು. ಗಂಡಸರ ಪಂಚೆಗೆ ಮೇಲುಕೋಟೆ ಇದೆ. ಅದೂ ಆಗದವರು ಅಕ್ಕ-ತಂಗಿಯರ ಹತ್ರ ಎರವಲು ತರುತ್ತಾರೆ. ನಾಚಿಕೆ ಏನಿಲ್ಲ, ಪಂಕ್ತಿಯಲ್ಲಿ ಸಾರು ಚೆಲ್ಲದಿದ್ದರಾಯಿತು.